ಎರಡು ಲಡಿ ರೇಷ್ಮೆ

ರಾಮನಗರ
9 ನವೆಂಬರ್ 2025, ಭಾನುವಾರ

ಪ್ರೀತಿಯ ದಾದೀಮಾ, ನಿಮ್ಮ ಅದ್ನಾನ್‌ನ ಸಲಾಂ.

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀರಿ? ಡ್ರಾಪ್ಸ್ ಹಾಕಿಸ್ಕೊಳ್ತಿದ್ದೀರಾ, ಇಲ್ಲ ಸಾನಾನ ಬೈದು ಓಡಿಸ್ತಿದ್ದೀರಾ? ಫೋನ್ ಮಾಡಿದರೆ ನೀವು ಹಲೋ ಹಲೋ ಅಂತಲೇ ಇರ್ತೀರಿ, ನನ್ನ ಮಾತು ಕಿವಿಗೆ ಬೀಳೋದೇ ಇಲ್ಲ. ಅದಕ್ಕೇ ಈ ಕಾಗದ. ಸಾನಾ, ಒಂದಕ್ಷರಾನೂ ನುಂಗದೆ ದಾದೀಮಾಗೆ ಜೋರಾಗಿ ಓದಮ್ಮ. ಚನ್ನಪಟ್ಟಣದಲ್ಲಿ ನಿಮ್ಮಮ್ಮ, ನಮ್ಮತ್ತೆ, ಹೇಗಿದ್ದಾರೆ? ಅವರಿಗೂ ಸಲಾಂ ಹೇಳು.

ಇಲ್ಲಿ ನಮ್ಮ ರೇಷ್ಮೆ ರೀಲಿಂಗ್ ಶೆಡ್ಡಿನ ಒಂಬೈನೂರು ಅಡಿ ಬೋರ್ ಅರ್ಧ ಗಂಟೆ ನೀರು ಕೊಟ್ಟು ಬರೀ ಗಾಳಿ ಬಿಡುತ್ತೆ. ಬರೋ ನೀರೂ ಗಡಸು. ಅದರಲ್ಲಿ ಗೂಡು ಬೇಯಿಸಿದರೆ ಎಳೆ ಕಿತ್ತು ಕಿತ್ತು ಬರುತ್ತೆ. ನೂಲು ಬಿಚ್ಚೋ ಬೋರಮ್ಮ ದಿನಾ ಬೈತಾರೆ: "ಏನ್ ನೀರಪ್ಪ ಇದು! ಸೋಪ್ ಹಾಕುದ್ರೆ ನೊರೇನೇ ಬರಾಕಿಲ್ಲ, ರೇಸ್ಮೆ ಎಲ್ಲಿಂದ ಬಂದಾತು?" ಅಬ್ಬಾ ಮಾತ್ರ ಇನ್ನೂ ಆಳಕ್ಕೆ, ಸಾವಿರದ ಮುನ್ನೂರು ಅಡಿಗೆ ಹೊಸ ಬೋರ್ ಹಾಕಿಸ್ತಾರಂತೆ. ಗುರುವಾರ ಬೋರ್ ಕೊರೆಯೋ ಲಾರಿ ಬರುತ್ತೆ. ಅದು ನಿಲ್ಲೋಕೆ ಜಾಗ ಬೇಕಲ್ಲ, ಹಿತ್ತಲಿನ ನಿಮ್ಮ ಹಳೇ ಬಾವಿ ಮುಚ್ಚಿಸ್ತಾರಂತೆ.

ದಾದೀಮಾ, ಈ ಸಲ ಮಳೆಗೆ ಮುಂಚೆ ಅಟ್ಟದ ಮೇಲೆ ನಿಮ್ಮ ಬಾವಿ ಹಗ್ಗ ಸಿಕ್ತು. ಪ್ರತಿ ವರ್ಷ ಮಳೆಗಾಲ ಮುಗಿದಮೇಲೆ ನೀರು ಮುಟ್ಟಿದ ಕಡೆ ನೀವು ಕಟ್ಟಿದ ಕೆಂಪು ದಾರಗಳು ಇನ್ನೂ ಹಾಗೇ ಇವೆ. ಹತ್ತೊಂಬತ್ತು ದಾರ, ಎಲ್ಲಾ ಒತ್ತೊತ್ತಾಗಿ, ಅಂದರೆ ವರ್ಷ ವರ್ಷವೂ ನೀರು ಹೆಚ್ಚುಕಮ್ಮಿ ಒಂದೇ ಮಟ್ಟ. ನಿಮ್ಮ ಕಾಲದಲ್ಲಿ ಜಿನುಗು ಮಳೆ, ನೆಲ ನಿಧಾನಕ್ಕೆ ಕುಡೀತಿತ್ತು. ಈಗ ಮಳೆ ಕಮ್ಮಿಯಾಗಿಲ್ಲ, ಬರೋ ರೀತಿ ಕೆಟ್ಟಿದೆ. ತಿಂಗಳ ಮಳೆಯೆಲ್ಲ ಎರಡೇ ದಿನ ಸುರಿದು, ಬಂಡೆ ಮೇಲಿಂದ ಜಾರಿ ಸೀದಾ ಅರ್ಕಾವತಿ ಸೇರುತ್ತೆ. ಆಮೇಲೆ ಸುಡೋ ಬಿಸಿಲು. ಜೂನ್‌ನಲ್ಲಿ ಬಾವಿ ಮೇಲಿನ ಚಪ್ಪಡಿ ಸರಿಸಿ ಈ ಹಗ್ಗ ಇಳಿಸಿದಾಗ ಒಂದು ದಾರಾನೂ ನೆನೀಲಿಲ್ಲ. ಶೆಡ್ಡಿನ ಶೀಟಿಗೆ ಪೈಪ್ ಕಟ್ಟಿ, ಮಳೆ ನೀರನ್ನ ಜಲ್ಲಿ ಮರಳಲ್ಲಿ ಸೋಸಿ ಬಾವಿಗೆ ಬಿಟ್ಟೆ. ಮೊನ್ನೆ ಇಳಿಸಿದರೆ ಕೆಳಗಿನ ಮೂರು ದಾರ ಒದ್ದೆ! ಕುಣಿದುಬಿಟ್ಟೆ.

ಅಬ್ಬಾಗೆ ತೋರಿಸಿದರೆ, "ಬಿಡದಿ ಕೆಲ್ಸ ಮೂರ್ ತಿಂಗ್ಳಿಗೆ ಬುಟ್ಟೆ, ಕನಕಪುರದ ಕ್ವಾರಿ ಎರಡು ತಿಂಗ್ಳಿಗೆ. ಒಂದ್ ಕಡೆ ನಿಲ್ದೋನು ನಂಗೆ ನೀರಿನ ಪಾಠ ಹೇಳ್ತೀಯೇನೋ?" ಅಂದ್ರು. ಅದೂ ನಿಜವೇ. ಆದರೆ ಈ ಬಾವಿ ಹತ್ತಿರ ಐದು ತಿಂಗಳಿಂದ ನಿಂತಿದ್ದೀನಲ್ಲ!

ಮಂಡಿಗೆ ಎಣ್ಣೆ ಹಚ್ಚಿಸ್ಕೊಳ್ಳಿ. ನಿಮ್ಮ ನಮಾಜಿನಲ್ಲಿ ನನ್ನ ಹೆಸರೂ ಇರಲಿ.

ನಿಮ್ಮ ದುವಾ ಬೇಡೋ ಮೊಮ್ಮಗ,
ಅದ್ನಾನ್

ಮರೆತಿದ್ದೆ: ಈ ಕಾಗದ ತಂದ ಅಬ್ಬಾ ಕೈಯಲ್ಲಿ ಎರಡು ಲಡಿ ರೇಷ್ಮೆ ಕಳಿಸಿದ್ದೀನಿ. ಒಂದೇ ರಾಶಿಯ ಗೂಡು, ಬಿಚ್ಚಿದ್ದೂ ಬೋರಮ್ಮ ಒಬ್ಬರೇ. ಒಂದು ಬೋರ್ ನೀರಿಂದು, ಒಂದು ಬಾವಿ ನೀರಿಂದು. ಯಾವುದು ಯಾವುದು ಅಂತ ಗೊತ್ತಿರೋದು ಬೋರಮ್ಮನಿಗೆ ಮಾತ್ರ. "ನೂಲು ಬಿಚ್ಚಿ ಪಳಗಿದ ಅಮ್ಮೀ ಬೆರಳು ಯಾವುದನ್ನ ಒಪ್ಪುತ್ತೋ ಅದರ ನೀರೇ ಫೈನಲ್" ಅಂತ ಅಬ್ಬಾ ಮಾತು ಕೊಟ್ಟಿದ್ದಾರೆ. ಕಣ್ಣು ಮುಚ್ಚಿ ಮುಟ್ಟಿ ನೋಡಿ. ಬೋರ್ ನೀರಿಂದೇ ಚೆನ್ನಾಗಿದ್ದರೆ ಬಾವಿಗೆ ಮೊದಲ ಬುಟ್ಟಿ ಮಣ್ಣು ನಾನೇ ಹಾಕ್ತೀನಿ. ಆದರೂ ವಾಪಸ್ ಇಲ್ಲಿಗೆ ಬರುವಾಗ ಒಂದು ತುಂಡು ಕೆಂಪು ದಾರ ತನ್ನಿ. ಈ ವರ್ಷದ್ದನ್ನ ನೀವೇ ಕಟ್ಟಬೇಕು.