ಕಾರ್ಮಿಕನ ಪಾತ್ರಕ್ಕೆ ಕಾರ್ಮಿಕನೇ ಬೇಕಂತೆ

ಅಕ್ಟೋಬರ್ 4, 1982. ಸೋಮವಾರ

ಪಾಳಿ ಮುಗಿಸಿ ನೇರ ರಿಹರ್ಸಲ್‌ಗೆ. ಕೈಯೆಲ್ಲ ರಬ್ಬರ್ ಕಪ್ಪು. ತೊಳೆಯಬೇಡಿ ಎಂದ ಪ್ರೆಸ್ಕಾಟ್ — ನಾಟಕದ ಡೈರೆಕ್ಟರು, ಕಾಲೇಜಿನ ಮೇಷ್ಟ್ರು. ಕೊಳೆಯೇ 'ನಿಜ'ವಂತೆ. ಕಾರ್ಮಿಕನ ಪಾತ್ರಕ್ಕೆ ಕಾರ್ಮಿಕನೇ ಬೇಕೆಂದು ನಮ್ಮ ಟೈರ್ ಕಾರ್ಖಾನೆಗೆ ಬಂದು ನನ್ನನ್ನು ಹಿಡಿದವನು. ನನ್ನ ಮುಖದಲ್ಲಿ ಸೋತ ಅಮೆರಿಕ ಕಾಣುತ್ತದಂತೆ.

ವರ್ನಾಗೆ ಹೇಳಿದೆ. "ಮದುವೆ ಆದಾಗಿಂದ ನೋಡ್ತಿದ್ದೀನಿ, ನಂಗೆ ಬರೀ ಮೂಗೇ ಕಾಣ್ಸೋದು" ಅಂದಳು.

ಅಕ್ಟೋಬರ್ 19

ಕಥೆ ಇಷ್ಟೇ. ಜೋ ಅನ್ನುವವನು ಜೀವಮಾನವೆಲ್ಲ ದುಡಿಯುತ್ತಾನೆ, ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಕೊನೆಗೆ ಎದ್ದು ನಿಂತು "ದುಡಿಯೋನನ್ನ ಈ ದೇಶ ಕೈಬಿಡಲ್ಲ" ಎನ್ನಬೇಕು. ಪ್ರೆಸ್ಕಾಟ್ ಪ್ರಕಾರ ಆ ಮಾತು ನನ್ನ ಬಾಯಲ್ಲಿ ಬಂದಷ್ಟು ಚೆನ್ನಾಗಿ ಬೇರೆ ಯಾವುದೂ ಬರುವುದಿಲ್ಲವಂತೆ. ಬರದೆ ಏನು? ಹಡಗು ಹತ್ತಿ ಈ ದೇಶಕ್ಕೆ ಬಂದಿಳಿದ ಅಪ್ಪ ತುತ್ತು ತಿನ್ನಿಸುವಾಗಲೂ ಅದನ್ನೇ ಹೇಳುತ್ತಿದ್ದ. ನುಂಗಿದ್ದೇನೆ.

ನವೆಂಬರ್ 5. ಶುಕ್ರವಾರ

ಮೊದಲ ಪ್ರದರ್ಶನ. ತುಪ್ಪಳದ ಕೋಟು ತೊಟ್ಟ ಹೆಂಗಸರು, ಅವರ ಗಂಡಂದಿರು. ಎಲ್ಲರೂ ಅತ್ತರು. ದುಡ್ಡು ಕೊಟ್ಟು ಅಳಲು ಬರುವ ಜನ... ಮುಗಿದ ಮೇಲೆ ನಮ್ಮ ಮ್ಯಾನೇಜರ್ ವಿಟ್‌ಕಮ್ ಒಳಗೆ ಬಂದ. ಕಾರ್ಖಾನೆಯಲ್ಲಿ ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವನಲ್ಲ. ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆ.

"ಎಮಿಲ್, ಜೋ ಪಟ್ಟ ಕಷ್ಟ ನನ್ನ ಎದೆಗೇ ತಾಗ್ತು" ಅಂದ.

ಖುಷಿಯಾಯಿತು. ಥೂ, ಖುಷಿಯೇ ಆಯಿತು.

ನವೆಂಬರ್ 9

ಕಾರ್ಖಾನೆ ಮುಚ್ಚುತ್ತಾರೆ. ಕ್ರಿಸ್‌ಮಸ್‌ಗೆ ಮುಂಚೆ. ವಿಟ್‌ಕಮ್ ಕುರ್ಚಿ ಮೇಲೆ ನಿಂತು ಓದಿದ. ಕಣ್ಣು ಒಣಗಿತ್ತು. ಇದು ತಿಂಗಳುಗಳ ಹಿಂದೆಯೇ ತೀರ್ಮಾನವಾಗಿತ್ತಂತೆ — ಅಂದರೆ ಮುಂದಿನ ಸಾಲಲ್ಲಿ ಕೂತು ಅಳುವಾಗಲೂ ಅವನಿಗೆ ಗೊತ್ತಿತ್ತು.

ಪಕ್ಕದ ಮೆಷಿನ್ನಿನ ರೂಡಿ ಕೈಗವಸು ಬಿಚ್ಚುತ್ತ, "ನಿನ್ನ ನಾಟಕ ನೋಡೇ ಐಡಿಯಾ ಬಂತೇನೋ ಕಣೋ ಅವನಿಗೆ" ಅಂದ. ಯಾರೂ ನಗಲಿಲ್ಲ. ರೂಡಿಯೂ.

ಸಂಜೆ ಪ್ರೆಸ್ಕಾಟ್ ಫೋನ್ ಮಾಡಿದ್ದ. ಸುದ್ದಿ ಕೇಳಿ ತುಂಬಾ ಬೇಜಾರಾಯಿತಂತೆ. ಟಿಕೆಟ್ ಎಲ್ಲ ಖರ್ಚಾಗಿವೆಯಂತೆ. ಒಂದೇ ಉಸಿರಲ್ಲಿ ಎರಡೂ.

ನವೆಂಬರ್ 13. ಶನಿವಾರ

ವಿಟ್‌ಕಮ್ ಮತ್ತೆ ಬಂದಿದ್ದ, ನೆಂಟರನ್ನು ಕಟ್ಟಿಕೊಂಡು. ಕರವಸ್ತ್ರ ಮೊದಲೇ ತೆಗೆದು ತೊಡೆ ಮೇಲೆ ಇಟ್ಟುಕೊಂಡಿದ್ದ.

ಕೊನೆಯ ಮಾತಿನವರೆಗೆ ಎಲ್ಲ ಸರಿಯಾಗಿ ಮಾಡಿದೆ. ಎದ್ದು ನಿಂತೆ. ಬಾಯಿ ತೆರೆಯಲಿಲ್ಲ. ಪರದೆಯ ಹಿಂದಿನಿಂದ ಪ್ರೆಸ್ಕಾಟ್ ಪಿಸುಗುಟ್ಟುತ್ತ ಮಾತು ನೆನಪಿಸಿದ. ನೆನಪಿತ್ತು.

"ಇದನ್ನ ನಾನು ಹೇಳಲ್ಲ. ಬೇಕಿದ್ರೆ ನೀವೇ ಹೇಳ್ಕೊಳ್ಳಿ" ಅಂದೆ, ವಿಟ್‌ಕಮ್ ಮುಖ ನೋಡಿಕೊಂಡೇ. ರಂಗದಿಂದ ಇಳಿದು, ಜನರ ಮಧ್ಯೆ ನಡೆದು, ಬಾಗಿಲು ದೂಡಿ ಹೊರಗೆ ಹೋದೆ. ಉಗಿಯುತ್ತಾರೆ, ಯಾರಾದರೂ ತಡೆಯುತ್ತಾರೆ ಅಂದುಕೊಂಡಿದ್ದೆ.

ಚಪ್ಪಾಳೆ. ಇಡೀ ಸಭೆ ಎದ್ದು ನಿಂತು. ಮೊದಲು ತಟ್ಟಿದವನು ವಿಟ್‌ಕಮ್ — ರೂಡಿ ಹಿಂದಿನ ಸಾಲಿನಿಂದ ನೋಡಿದನಂತೆ.

ಕಾರಿನ ಹತ್ತಿರ ಪ್ರೆಸ್ಕಾಟ್ ಓಡಿಬಂದ. ಬೈಯಲಿ ಎಂದು ಕಾದೆ.

"ಅದ್ಭುತ ಎಮಿಲ್. ನಾಳೆನೂ ಹೀಗೇ ಮಾಡಿ. ಬಾಗಿಲ ಹತ್ರ ಸ್ವಲ್ಪ ನಿಧಾನ, ಅಷ್ಟೇ."

ನವೆಂಬರ್ 14. ಭಾನುವಾರ, ಆರೂವರೆ

ಏಳಕ್ಕೆ ಪರದೆ ಏಳಬೇಕು. ಅಡುಗೆಮನೆಯಲ್ಲಿ ಕೂತಿದ್ದೇನೆ. ಕೋಸಿನ ಸಾರು, ಬ್ರೆಡ್ಡು. ಫೋನ್ ಬಡಿದುಕೊಳ್ಳುತ್ತಲೇ ಇತ್ತು, ಈಗ ವರ್ನಾ ಎತ್ತಿದಳು.

"ಇಲ್ಲ, ಬರಲ್ಲ... ಹುಷಾರಾಗೇ ಇದ್ದಾನೆ. ಸಾರು ಕುಡೀತಿದ್ದಾನೆ... ಜೋ ಅಲ್ಲಪ್ಪ, ನನ್ ಗಂಡ."

ರಿಸೀವರ್ ಇಟ್ಟಳು. ಎದುರಿಗೆ ಬಂದು ಕೂತು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಏನು ಕಾಣುತ್ತದೆ ಎಂದು ಕೇಳಬೇಕು ಅಂತಿದ್ದೇನೆ.