ಮೂರನೆಯ ಕರೆ

ಕೋಟನೂರ, ಕಲಬುರಗಿ
14 ನವೆಂಬರ್ 2024, ಗುರುವಾರ

ಪ್ರೀತಿಯ ಅವ್ವನಿಗೆ ನಿನ್ನ ಅಂಬಿಕಾಳ ಶರಣು.

ಮೊಣಕಾಲು ನೋವು ಹೇಗಿದೆ? ನಾನು ಕೊಟ್ಟು ಬಂದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದೀಯೋ? ಸಕ್ಕರೆ ಕಾಯಿಲೆಯವರು ಕೆಂಪು ಬಾಳೆಹಣ್ಣನ್ನು ಲೆಕ್ಕವಿಲ್ಲದೆ ತಿನ್ನಬಾರದು ಎಂದು ಡಾಕ್ಟರು ಹೇಳಿದ್ದಾರೆ. ನೀನು ಗೊನೆಯ ಪಕ್ಕದಲ್ಲೇ ಮಂಚ ಹಾಕಿಸಿಕೊಂಡಿದ್ದೀ ಎಂದು ಅಣ್ಣ ಶಿವಶರಣ ಹೇಳಿದ. ನನ್ನ ಗಂಟಲು ಈಗ ಸರಿಹೋಗಿದೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ’ ಅನ್ನುತ್ತೀ. ಮೊನ್ನೆ ಪಲ್ಯ ಏನು ಮಾಡಿದ್ದಿ ಎಂದು ಕೇಳಿದ್ದಕ್ಕೂ ಹೂಂ ಅಂದೆ. ಏಳನೆಯ ತರಗತಿ ಓದಿದವಳು ನೀನು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ನನ್ನ ಜೊತೆ ಕಂಡಕ್ಟರ್ ಆಗಿರುವ ಮೆಹಬೂಬಿ ಹುಮನಾಬಾದ್ ಬಸ್ಸನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ಮೊದಲು ಮೋಟರಿನ ವಿಷಯ. ಆರು ತಿಂಗಳಿಂದ ರಸ್ತೆಯ ಆಚೆಗಿನ ನಮ್ಮ ಬಾಳೆ ತೋಟದಲ್ಲಿ ಮೋಟರ್ ತಾನಾಗಿಯೇ ಬಂದ್ ಆಗುತ್ತಿದ್ದದ್ದು ನಿನಗೂ ಗೊತ್ತು. ಆಳು ಮಾಣಿಕಪ್ಪ ಸಂಜೆ ಚಾಲೂ ಮಾಡಿ ತುದಿಯ ಸಾಲಿಗೆ ಹೋಗುವಷ್ಟರಲ್ಲಿ ನೀರು ನಿಲ್ಲುತ್ತಿತ್ತು. ಓಡಿ ಬಂದು ನೋಡಿದರೆ ಕರೆಂಟು ಇದೆ, ಶೆಡ್ಡಿನ ಕೊಂಡಿ ಹಾಕಿದ ಹಾಗೇ ಇದೆ, ಸುತ್ತ ಯಾರೂ ಇಲ್ಲ. ಅಪ್ಪ ಬದುಕಿದ್ದಾಗ ಮಡಿಗೆ ನೀರು ತುಂಬಿದ ಕೂಡಲೇ ಆ ತುದಿಯಿಂದಲೇ ‘ಶಿವಕಾಂತಾ, ಮೋಟರ್ ಬಂದ್ ಮಾಡು’ ಎಂದು ಕೂಗುತ್ತಿದ್ದ, ನೀನು ರಸ್ತೆ ದಾಟಿ ಹೋಗಿ ಗುಂಡಿ ಒತ್ತುತ್ತಿದ್ದೆ. ಅಪ್ಪ ಹೋಗಿ ಏಳು ವರ್ಷವಾಯಿತು. ‘ದೊಡ್ಡ ಸಾವ್ಕಾರ್ರು ಇನ್ನಾ ತೋಟ ಬಿಟ್ಟಿಲ್ರಿ. ನಾ ಒಮ್ಮಿ ದನಿ ಕೇಳೀನಿ’ ಎಂದು ಹೇಳಿ ಮಾಣಿಕಪ್ಪ ಹೊತ್ತು ಮುಳುಗಿದ ಮೇಲೆ ಕೆಲಸಕ್ಕೆ ಬರುವುದನ್ನೇ ಬಿಟ್ಟ. ನಿನ್ನ ಸೊಸೆ ಶೀಲಾ ವೈನಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ನಾನು ಊರಿಗೆ ಬಂದಾಗಲೆಲ್ಲ ಅವರನ್ನು ನೋಡಿ ನಗುತ್ತಿದ್ದೆ.

ಆ ನಗು ದೀಪಾವಳಿಯ ಮರುವಾರ ನಿಂತಿತು. ಹಬ್ಬದ ಗದ್ದಲದಲ್ಲಿ ಟಿಕೆಟ್ ಟಿಕೆಟ್ ಎಂದು ಒದರಿ ಒದರಿ ನನ್ನ ದನಿ ಪೂರ್ತಿ ಬಿದ್ದುಹೋಗಿತ್ತು. ರಜೆ ಹಾಕಿ ಸಂಜೆ ಮನೆಗೆ ಬಂದಾಗ ನೀನು ಅಂಗಳದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತಿದ್ದೆ. ‘ಅವ್ವ’ ಎಂದು ಪಿಸುದನಿಯಲ್ಲೇ ಕರೆದೆ. ನೀನು ತಿರುಗಲಿಲ್ಲ. ಎರಡನೆಯ ಸಲ ಕರೆದೆ. ಆಗಲೂ ನನಗೆ ಏನೂ ಅನಿಸಲಿಲ್ಲ, ಯಾಕೆಂದರೆ ಅದು ನಮ್ಮ ಮನೆಯ ಕಟ್ಟಳೆ. ದೀಪ ಹಚ್ಚುವ ಹೊತ್ತಿನಲ್ಲಿ ಬೆನ್ನ ಹಿಂದಿನಿಂದ ಯಾರೇ ಕರೆದರೂ ಮೂರನೆಯ ಕರೆಗೆ ಮಾತ್ರ ಓಗೊಡಬೇಕು, ದೆವ್ವ ಎರಡೇ ಸಲ ಕರೆಯುತ್ತದೆ ಎಂದು ನಮಗೆ ಕಲಿಸಿದವಳು ನೀನೇ. ನಿನ್ನ ಹತ್ತಿರಕ್ಕೇ ಬಂದು ಮೂರನೆಯ ಸಲ ಕರೆದೆ. ನಿನ್ನ ಕೈಯಲ್ಲಿ ಮೊರ ಆಡುತ್ತಲೇ ಇತ್ತು.

ಆಮೇಲೆ ನೀನು ತಲೆ ಎತ್ತಿದೆ. ನನ್ನ ಕಡೆಗಲ್ಲ, ಆಚೆಗೆ, ಬರೀ ಗೋಡೆಯ ಕಡೆಗೆ. ನಿನ್ನ ಮುಖ ಅರಳಿತು. ‘ಬಂದೆರಿ, ಎಷ್ಟ್ ಒದರ್ತೀರಿ’ ಎಂದು ಸೆರಗು ಸರಿಮಾಡಿಕೊಂಡು ಎದ್ದೆ, ನನ್ನನ್ನು ನೋಡದೆ ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋಗಿ ರಸ್ತೆಗೆ ಇಳಿದೆ. ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಬೀದರ್ ಕಡೆಯಿಂದ ಲಾರಿ ಬರುತ್ತಿತ್ತು, ಅದರ ಹಾರ್ನಿಗೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ನಿನ್ನ ಕಣ್ಣೆವೆ ಕೂಡ ಅಲುಗಲಿಲ್ಲ. ಲಾರಿ ನಿಂತದ್ದು ನಿನ್ನಿಂದ ಒಂದು ಮಾರು ದೂರದಲ್ಲಿ. ಡ್ರೈವರ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ನೀನು ಶೆಡ್ಡಿನ ಕೊಂಡಿ ತೆಗೆದು ಗುಂಡಿ ಒತ್ತಿದೆ, ಮತ್ತೆ ಕೊಂಡಿ ಹಾಕಿದೆ. ಹೊತ್ತಿರುವಾಗಲೇ ಮಾಣಿಕಪ್ಪ ಚಾಲೂ ಮಾಡಿ ಹೋಗಿದ್ದ ಮೋಟರ್ ಬಂದ್ ಆಯಿತು, ನೀರಿನ ಸದ್ದು ನಿಂತಿತು. ಕಪ್ಪಾಗುತ್ತಿದ್ದ ಬಾಳೆ ಸಾಲುಗಳ ಕಡೆಗೆ ನೋಡಿ ನೀನು ತಲೆದೂಗಿದೆ, ಯಾರೋ ಸಾಕು ಎಂದದ್ದಕ್ಕೆ ಸರಿ ಅನ್ನುವ ಹಾಗೆ. ನಾನೂ ಕಿವಿಗೊಟ್ಟು ನಿಂತೆ. ಒಣಗಿದ ಎಲೆ ಸರಭರ ಅನ್ನುತ್ತಿತ್ತು, ಆಮೇಲೆ ಅದೂ ಇಲ್ಲ. ನನ್ನ ಮೈಮೇಲಿನ ಕೂದಲು ಎದ್ದು ನಿಂತವು, ಅವ್ವ.

ನಿನ್ನ ಕೈ ಹಿಡಿದಾಗ ನೀನು ಬೆಚ್ಚಿಬಿದ್ದು ‘ಯಾವಾಗ ಬಂದಿ’ ಎಂದು ಕೇಳಿದೆ. ಯಾರು ಕರೆದರು ಎಂದು ನಾನು ಸನ್ನೆ ಮಾಡಿದೆ. ‘ನಿಮ್ಮಪ್ಪ. ಮೂರು ಸಲ ಕರದಾರ. ದೆವ್ವ ಆಗಿದ್ರ ಎರಡೇ ಸಲ ಕರೀತಿತ್ತು’ ಎಂದು ನೀನು ಅಂದೆ. ಎಷ್ಟು ಸಮಾಧಾನದಿಂದ ಅಂದೆಯೆಂದರೆ ನನಗೆ ಅಳು ಬಂತು.

ಆ ರಾತ್ರಿ ನಿದ್ದೆ ಬರದೆ ಒಂದೊಂದೇ ಕೂಡಿಸಿದೆ. ನೀನು ಮೂರನೆಯ ಕರೆಗೆ ಓಗೊಡುತ್ತಿದ್ದದ್ದು ಕಟ್ಟಳೆಗಾಗಿ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಮೂರನೆಯ ಸಲ ಕರೆಯುವಾಗ ಯಾರ ದನಿಯಾದರೂ ಏರುತ್ತದೆ. ನಿನಗೆ ಕೇಳಿಸುತ್ತಿದ್ದದ್ದೇ ಅದೊಂದು. ‘ಮಗಳ ಮಾತಷ್ಟೇ ಕೇಳ್ತಾರ, ನಾ ಹೇಳಿದ್ದು ಕಿವಿಗೆ ಹಾಕ್ಕೊಳ್ಳಂಗಿಲ್ಲ’ ಎಂದು ವೈನಿ ಎಷ್ಟು ವರ್ಷದಿಂದ ಸಿಟ್ಟು ಮಾಡಿಕೊಂಡಿದ್ದಾಳೆ. ನನ್ನದು ಐವತ್ತು ಜನರ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಮುಟ್ಟುವ ಗಂಟಲು, ಅದಕ್ಕೇ ನಿನಗೆ ಕೇಳುತ್ತಿತ್ತು, ಅವತ್ತು ಅದೂ ಬಿದ್ದಿತ್ತು. ಎಲ್ಲರಿಗಿಂತ ಹತ್ತಿರದವಳು ಎಂದು ಬೀಗುತ್ತಿದ್ದ ನನಗೇ ಇಷ್ಟು ತಡವಾಗಿ ಗೊತ್ತಾಯಿತು. ನನ್ನನ್ನು ಕ್ಷಮಿಸು.

ಅವತ್ತಿನ ಸಂಗತಿ ಕೇಳಿ ವೈನಿಯ ತವರಿನವರು ಬರುವ ಅಮಾವಾಸ್ಯೆಗೆ ನಿನ್ನನ್ನು ಗಾಳಿ ಬಿಡಿಸುವವರ ಹತ್ತಿರ ಕರೆದೊಯ್ಯಲು ಗಾಡಿ ಗೊತ್ತು ಮಾಡಿದ್ದಾರೆ. ಅವರಿಗೂ ನಿನ್ನ ಮೇಲೆ ಪ್ರೀತಿಯೇ, ದಾರಿ ತಪ್ಪಿದ್ದಾರೆ ಅಷ್ಟೆ. ಅಷ್ಟರೊಳಗೆ, ಇದೇ 25ರ ಸೋಮವಾರ, ನೀನು ನನ್ನ ಜೊತೆ ಬರಬೇಕು. ಶರಣಬಸವೇಶ್ವರ ಗುಡಿಯ ಹತ್ತಿರ ಕಿವಿ ಪರೀಕ್ಷೆ ಮಾಡುವ ಹಾಜಿರಾ ಮೇಡಂ ಇದ್ದಾರೆ, ಅವರನ್ನು ಕಂಡು ಮಾತಾಡಿ ಬಂದಿದ್ದೇನೆ. ಹೊರಗಿನ ಸದ್ದು ಕಡಿಮೆಯಾದರೆ ಕೆಲವರಿಗೆ ಒಳಗಿನಿಂದಲೇ ಹಳೆಯ ದನಿಗಳು ಕೇಳತೊಡಗುತ್ತವಂತೆ. ಅದು ಹುಚ್ಚಲ್ಲ, ಗಾಳಿಯೂ ಅಲ್ಲ, ಆದರೆ ಪರೀಕ್ಷೆ ಮಾಡದೆ ಗಟ್ಟಿಯಾಗಿ ಹೇಳಲಾರೆ ಎಂದರು. ‘ಬೈದು ಕರ್ಕೊಂಡು ಬರಬ್ಯಾಡ್ರಿ, ಎದುರಿಗಿ ಕುಂತು ಮುಖ ನೋಡಿ ಹೇಳ್ರಿ’ ಅಂದರು. ಹಾಗಾದರೆ ಮಾಣಿಕಪ್ಪನಿಗೆ ಹೇಗೆ ಕೇಳಿಸಿತು ಎಂದೆ. ‘ಅದಕ್ಕ ನನ್ನ ಬಲ್ಲಿ ಮಷಿನ್ ಇಲ್ರಿ’ ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಅಪ್ಪ ತೋಟದಲ್ಲಿ ಇದ್ದಾನೋ ಇಲ್ಲವೋ ನಾನು ಹೇಳಲಾರೆ. ಇದ್ದರೂ ಲಾರಿಯ ಎದುರಿಗೆ ನಿನ್ನನ್ನು ಕರೆಯುವ ಮನುಷ್ಯ ಅವನಲ್ಲ.

ಸೋಮವಾರ ಎಂಟೂವರೆಯ ಬಸ್ಸಿಗೆ ನಾನೇ ಕರೆದೊಯ್ಯಲು ಬರುತ್ತೇನೆ. ಅಲ್ಲಿಯವರೆಗೆ ಅಣ್ಣನ ಕೈ ಹಿಡಿಯದೆ ರಸ್ತೆ ದಾಟಬೇಡ. ವೈನಿಗೆ ನನ್ನ ನೆನಪು ಹೇಳು, ಅವಳ ಮೇಲೆ ಮುನಿಸು ಬೇಡ. ಅಣ್ಣನ ಮಗಳು ಚಿನ್ನಿಗೆ ಒಂದು ಮುತ್ತು.

ನಿನ್ನ ಪಾದಕ್ಕೆ ಹಣೆ ಹಚ್ಚಿ,
ಅಂಬಿಕಾ

ತಾ.ಕ.: ಬಸ್ಸು ಹೊರಟಿದೆ, ಮೆಹಬೂಬಿ ಸೀಟಿ ಹೊಡೆಯುತ್ತಿದ್ದಾಳೆ, ಆದರೂ ಇದನ್ನು ಮುಚ್ಚಿಟ್ಟರೆ ಪಾಪ. ಕಿವಿಗೆ ಮಷಿನ್ ಹಾಕಿಕೊಂಡ ಮೇಲೆ ಆ ದನಿ ಕಡಿಮೆಯಾಗಬಹುದು, ನಿಂತೇ ಹೋಗಬಹುದು ಎಂದು ಮೇಡಂ ಹೇಳಿದ್ದಾರೆ. ಊರು ಬಿಡುವ ಮುಂಚೆ ಕಿವಿ ತೋರಿಸೋಣ ಎಂದು ನಾನು ಸನ್ನೆ ಮಾಡಿದಾಗ ‘ನನಗ ಎಲ್ಲಾ ಕೇಳಸ್ತದ, ನಾ ಬರಂಗಿಲ್ಲ’ ಎಂದು ನೀನು ಹಟ ಹಿಡಿದದ್ದು ಆ ಭಯಕ್ಕೇ ಎಂದು ನನಗೆ ಗೊತ್ತು. ಏಳು ವರ್ಷದ ಮೇಲೆ ಸಿಕ್ಕವನನ್ನು ಬಿಟ್ಟು ಬಾ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವತ್ತು ನೀನು ರಸ್ತೆಗೆ ಇಳಿದಾಗ ಚಿನ್ನಿ ಹೊಸ್ತಿಲಲ್ಲಿ ನಿಂತು ‘ಆಯಿ, ಆಯಿ’ ಎಂದು ಅಜ್ಜಿಯಾದ ನಿನ್ನನ್ನು ಕರೆದು ಉಸಿರು ಕಟ್ಟುವಂತೆ ಅಳುತ್ತಿದ್ದಳು. ಅವತ್ತಿನಿಂದ ಅವಳು ನಿನ್ನನ್ನು ಕರೆಯುವುದನ್ನೇ ಬಿಟ್ಟು ಸೆರಗು ಜಗ್ಗುತ್ತಾಳಂತೆ. ಎರಡೂವರೆ ವರ್ಷವಾದರೂ ಕೂಸಿಗೆ ಮಾತು ಬಂದಿಲ್ಲವೆಂದು ನೀನು ಗುಡಿಗೆ ಹರಕೆ ಹೊತ್ತಿದ್ದೀ. ಅವಳು ಒಂದು ವರ್ಷದಿಂದ ಮಾತಾಡುತ್ತಿದ್ದಾಳೆ, ಅವ್ವ. ಅವಳ ದನಿಯನ್ನು ನೀನಿನ್ನೂ ಕೇಳಿಲ್ಲ.