ಫೋಟೋದಲ್ಲಿ ವಾಸಿಯಾದ ಮೂಗು

ಮಾನ್ಯ ವೈದ್ಯಕೀಯ ಮಂಜೂರಾತಿ ಅಧಿಕಾರಿಗಳೇ,

ಎದುರಿಗೆ ನಿಂತ ರೋಗಿಯ ಮುಖ ನೋಡದೆ, ಫೋಟೋ ನೋಡಿ ಕ್ಯಾನ್ಸರ್ ಇಲ್ಲವೆಂದು ತೀರ್ಮಾನಿಸಿದ ನಿಮ್ಮ ಕಣ್ಣಿಗೆ ನಮಸ್ಕಾರ. ನನ್ನ ಯಜಮಾನರು ಏಕಾಂತಯ್ಯನವರು ಲಿಂಗೈಕ್ಯರಾಗಿ ಇಂದಿಗೆ ನಲವತ್ತು ದಿನ. ನಾನು ಓದಿದ್ದು ಏಳನೇ ತರಗತಿ. ಆದರೆ ದಿನಚರಿ ಬರೆಯುವ ಅಭ್ಯಾಸವಿದೆ, ತಾರೀಖು ತಪ್ಪುವುದಿಲ್ಲ.

2006ರ ಜೂನ್ ಐದು. ಅವರ ಮೂಗಿನ ಮೇಲಿನ ಗಂಟು ಚರ್ಮದ ಕ್ಯಾನ್ಸರ್ ಎಂದರು ಡಾಕ್ಟರು. "ಆಪರೇಷನ್ ಇವರ ಹೃದಯ ತಡೆಯಲ್ಲಮ್ಮ. ಗಂಟಿಗೇ ಔಷಧಿ ಚುಚ್ಚೋಣ. ವಾರಕ್ಕೊಂದ್ಸಲ, ಹತ್ತು ನಿಮಿಷದ ಕೆಲಸ." ಆದರೆ ನೀವು ಖರ್ಚು ಕೊಡುವ ಚಿಕಿತ್ಸೆಗಳ ಪಟ್ಟಿಯಲ್ಲಿ ಕತ್ತರಿಸುವುದಿದೆ, ನರಕ್ಕೆ ಹನಿಸುವುದಿದೆ, ಗಂಟಿಗೇ ಚುಚ್ಚುವುದು ಇಲ್ಲ. ವಿಶೇಷ ಒಪ್ಪಿಗೆ ಬೇಕು. ಅರ್ಜಿಗೆ ಇತ್ತೀಚಿನ ಫೋಟೋ ಅಂಟಿಸಬೇಕು.

ವಿಜಯನಗರದ ಸ್ಟುಡಿಯೋದ ನಾಣಿ ಕಂಪ್ಯೂಟರಿನಲ್ಲಿ ಗಂಟನ್ನು ಅಳಿಸಿಯೇ ಬಿಟ್ಟ. "ಟಚಪ್ ಮಾಡಿದೀನಿ ಅಂಕಲ್, ಮದುವೆ ಗಂಡು ಇದ್ದಂಗಿದೀರ!" ಯಜಮಾನರು ನಕ್ಕರು. "ನೋಡೇ ಜಗದಾ, ಡಾಕ್ಟರಿಗಿಂತ ಇವನೇ ವಾಸಿ. ಸೂಜಿ ಇಲ್ದೆ ಗುಣ ಮಾಡ್ಬಿಟ್ಟ." ಅರ್ಜಿಗಾದರೂ ಚೆಂದವಾಗಿರಲಿ ಎಂದು ನಾನೇ ಅದನ್ನು ಅಂಟಿಸಿದೆ. ಆ ತಪ್ಪು ನನ್ನದು.

ಜೂನ್ ಹನ್ನೆರಡು, ನಿಮ್ಮ ಕಿಟಕಿ. "ಗಂಟು ಎಲ್ಲಿದೆ ರೀ? ಫೋಟೋದಲ್ಲಿ ಕಾಣ್ತಾನೇ ಇಲ್ವಲ್ಲ?"

"ಮೂಗಿನ ಮೇಲಿದೆ ಸಾರ್. ಸ್ವಲ್ಪ ತಲೆ ಎತ್ತಿ."

"ಮೂಗನ್ನ ಫೈಲಿಗೆ ಹಾಕೋಕಾಗುತ್ತಾ ಯಜಮಾನ್ರೇ?"

ಲ್ಯಾಬಿನ ವರದಿ ಅದೇ ಅರ್ಜಿಯ ಹಿಂದಿತ್ತು. ಪುಟ ತಿರುಗಿಸಲು ಯಾವ ಪಟ್ಟಿಯ ಅಪ್ಪಣೆ ಬೇಕಿತ್ತೋ? ಗಂಟು ಕಾಣುವ ಇನ್ನೊಂದು ಫೋಟೋ ತಂದೆವು. ಎರಡಕ್ಕೂ ಹೋಲಿಕೆಯಿಲ್ಲ, ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ತನ್ನಿ ಎಂದಿರಿ. ಅದನ್ನೂ ತಂದೆವು. ನಿಮ್ಮ ಫೈಲು ಕುರ್ಚಿಯಿಂದ ಕುರ್ಚಿಗೆ ನಡೆಯುವಷ್ಟರಲ್ಲಿ ಕ್ಯಾನ್ಸರ್ ಯಾರ ಸಹಿಗೂ ಕಾಯದೆ ಮೂಗಿನಿಂದ ಕುತ್ತಿಗೆಗೆ ಇಳಿಯಿತು. ನವೆಂಬರಿನಲ್ಲಿ ಡಾಕ್ಟರು, "ಇನ್ನು ಸೂಜಿಯಿಂದ ಆಗಲ್ಲಮ್ಮ" ಎಂದರು. ಫೆಬ್ರವರಿಯಲ್ಲಿ ಯಜಮಾನರು ಹೋದರು.

ಹನ್ನೊಂದನೆಯ ದಿನ, ಜಂಗಮರಿಗೆ ಎಲೆ ಹಾಕುತ್ತಿದ್ದಾಗ ನಿಮ್ಮ ಕಾಗದ ಬಂತು. ಒಪ್ಪಿಗೆ ಸಿಕ್ಕಿದೆ, ಅರ್ಜಿದಾರರು ಖುದ್ದಾಗಿ ಬಂದು ಗುರುತು ತೋರಿಸತಕ್ಕದ್ದು! ತೋರಿಸಲು ಅವರಿಗೂ ಆಸೆಯಿತ್ತು ಸ್ವಾಮಿ. ಜೂನಿನಲ್ಲೇ ತೋರಿಸಿದ್ದರು.

ಗಂಟಿಗೇ ಚುಚ್ಚುವ ಮದ್ದನ್ನು ಪಟ್ಟಿಗೆ ಸೇರಿಸಿ. ಮುಂದಿನವರು ಬಂದಾಗ ಒಮ್ಮೆ ತಲೆ ಎತ್ತಿ. ಇನ್ನೊಂದು ಬೇಡಿಕೆ. ನಮ್ಮ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವುದು ನಾಣಿ ಗುಣಪಡಿಸಿದ ಮುಖ. ನಾನು ದಿನವೂ ತೊಳೆದು, ಒರೆಸಿ, ವಿಭೂತಿ ಹಚ್ಚಿದ ಮುಖ ನಿಮ್ಮ ಫೈಲಿನಲ್ಲಿದೆ. ಆ ಎರಡನೆಯ ಫೋಟೋ ವಾಪಸು ಕೊಡಿ.

ಇಂತಿ,
ಹೋಲಿಕೆಯಿಲ್ಲದ ಎರಡು ಫೋಟೋಗಳಲ್ಲೂ ಒಬ್ಬರನ್ನೇ ಕಾಣುವ
ಜಗದಾಂಬಾ, ಆರ್‌ಪಿಸಿ ಲೇಔಟ್